ವೇಗೋತ್ಕರ್ಷ ಅಂದ್ರೆ ಸ್ಪೀಡ್ ಅಲ್ವಂತೆ, ಹಂಗಾದ್ರೆ ಏನು? 9ನೇ ಕ್ಲಾಸ್ ಲೆಕ್ಕ, ಮಗಳಿಗೆ ಹೇಳ್ಕೊಡ್ಬೇಕು

ಟೊಮೆಟೊ ಗಾಡಿ (ಕೋಲಾರ)

ಎಲ್ರಿಗೂ ನಮಸ್ಕಾರ. ನಾನು ಛೋಟಾ ಹಾಥಿ ಓಡಿಸ್ತೀನಿ, ಮುಳಬಾಗಿಲು ಕಡೆ ತೋಟಗಳಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯೋದು ಕೆಲಸ, ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಸೈನ್ಸಲ್ಲಿ ಜಸ್ಟ್ ಪಾಸು. ಮಗಳು 9ನೇ ಕ್ಲಾಸು, ಕನ್ನಡ ಮೀಡಿಯಂ. ಚಲನೆ ಪಾಠದಲ್ಲಿ ವೇಗೋತ್ಕರ್ಷ ಅಂತ ಬರ್ತೈತಲ್ಲ, ಅದನ್ನ ಕೇಳ್ಕೊಂಡು ಬಂದ್ಲು, ಅಪ್ಪಾ ಇದಕ್ಕೆ ಇಂಗ್ಲಿಷಲ್ಲಿ ಆಕ್ಸಿಲರೇಶನ್ ಅಂತಾರಂತೆ ನಿನ್ ಗಾಡೀಲಿ ಆಕ್ಸಿಲರೇಟರ್ ಐತಲ್ಲ ಅದೇನಾ ಅಂತ. ಹತ್ತೊಂಬತ್ತು ವರ್ಷದಿಂದ ಅದನ್ನ ತುಳೀತಾ ಇರೋನು ನಾನು, ಗೊತ್ತಿಲ್ಲ ಅಂತ ಹೆಂಗೆ ಹೇಳೋದು, ಹೂಂ ಕಣಮ್ಮ ಗಾಡಿ ಎಷ್ಟು ಸ್ಪೀಡಾಗಿ ಹೋಗ್ತೈತೋ ಅಷ್ಟು ವೇಗೋತ್ಕರ್ಷ ಅಂತ ಹೇಳ್ಬುಟ್ಟೆ. ಅವಳು ಅದನ್ನೇ ಟೆಸ್ಟಲ್ಲಿ ಬರೆದವ್ಳೆ. ಸೊನ್ನೆ ಬಂದೈತೆ. ಎರಡು ದಿನದಿಂದ ನನ್ ಹತ್ರ ಸರಿಯಾಗಿ ಮಾತಾಡ್ತಿಲ್ಲ.

ಅದೇ ಟೆಸ್ಟಲ್ಲಿ ಒಂದು ಲೆಕ್ಕಾನೂ ಹೋಯ್ತು. ಗಂಟೆಗೆ 18 ಕಿಮೀ ವೇಗದಲ್ಲಿ ಹೋಗ್ತಿದ್ದ ಬಸ್ಸು 5 ಸೆಕೆಂಡಲ್ಲಿ ಗಂಟೆಗೆ 54 ಕಿಮೀ ವೇಗಕ್ಕೆ ಬಂದ್ರೆ ವೇಗೋತ್ಕರ್ಷ ಎಷ್ಟು ಅಂತ. ಇವಳು 54ರಲ್ಲಿ 18 ಕಳೆದು 36, ಅದನ್ನ 5ರಿಂದ ಭಾಗಿಸಿ 7.2 ಮೀ/ಸೆ² ಅಂತ ಬರೆದವ್ಳೆ. ಉತ್ತರ 2 ಅಂತೆ. ನಾನೂ ಹಾಳೆ ಇಟ್ಕೊಂಡು ಮೂರು ಸಲ ಮಾಡ್ದೆ, ನನಗೂ 7.2 ಬರ್ತೈತೆ. ಎಲ್ಲಿ ತಪ್ಪು?

ಇನ್ನೊಂದು, ನಗಬೇಡಿ. ಸ್ಕ್ವೇರ್ ಫೀಟ್ ಗೊತ್ತು, ಸೈಟು ಅಳೀತಾರೆ, ಉದ್ದ ಐತೆ ಅಗಲ ಐತೆ. ಈ ಸೆಕೆಂಡನ್ನ ಹೆಂಗೆ ಸ್ಕ್ವೇರ್ ಮಾಡೋದು? ಟೈಮಿಗೆ ಅಗಲ ಐತಾ? ಮಗಳು ಕೇಳಿದ್ದಕ್ಕೆ ನಾನು ಊಟಕ್ಕೆ ಎದ್ದು ಹೋದೆ.

ಸಿಂಪಲ್ ಸೀನ

ಅಣ್ಣಾ ಇಷ್ಟೊಂದು ಯೋಚನೆ ಬೇಡ, ಫಾರ್ಮುಲಾ ಬಾಯಿಪಾಠ ಮಾಡ್ಸಿ ಸಾಕು. ಎ = (ವಿ − ಯು) ÷ ಟಿ. ವಿ ಅಂದ್ರೆ ಕೊನೆ ವೇಗ, ಯು ಅಂದ್ರೆ ಮೊದಲ್ನೇ ವೇಗ, ಟಿ ಅಂದ್ರೆ ಟೈಮು. ಪ್ಲಸ್ ಬಂದ್ರೆ ಗಾಡಿ ಫಾಸ್ಟ್ ಆಗ್ತಿದೆ, ಮೈನಸ್ ಬಂದ್ರೆ ಸ್ಲೋ ಆಗ್ತಿದೆ, ಗಾಡಿ ನಿಂತಿದ್ರೆ ವೇಗೋತ್ಕರ್ಷ ಸೊನ್ನೆ. ಅಷ್ಟೇ ಮುಗೀತು. ಸ್ಕ್ವೇರ್ ಯಾಕೆ ಅಂತೆಲ್ಲ ಯಾರೂ ಕೇಳಲ್ಲ, ಬರೆದ್ರೆ ಮಾರ್ಕ್ಸ್.

ನಿವೃತ್ತ ಮೇಷ್ಟ್ರು (ಚಿಂತಾಮಣಿ)

ಯಾರೂ ಕೇಳಲ್ಲ ಅಂದ್ರಲ್ಲ, ಆ ಮಗು ಕೇಳಿದೆಯಲ್ಲಪ್ಪ. ಮೂವತ್ತು ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದೀನಿ, ಸೆಕೆಂಡಿಗೆ ಅಗಲ ಇದೆಯಾ ಅಂತ ಇಷ್ಟು ನೇರವಾಗಿ ಕೇಳಿದ ಮಕ್ಕಳು ಕಮ್ಮಿ, ಅವಳಿಗೆ ಬೈಬೇಡಿ.

ಟೊಮೆಟೊ ಗಾಡಿಯವರೇ, ಮೊದಲು ಒಂದು ಮಾತು, ನಿಮಗೂ ನಿಮ್ಮ ಮಗಳಿಗೂ ಬಂದ 7.2 ಇದೆಯಲ್ಲ, ಆ ಸಂಖ್ಯೆ ತಪ್ಪಲ್ಲ. ಅದರ ಪಕ್ಕದಲ್ಲಿ ಬರೆದ ಏಕಮಾನ ತಪ್ಪು. ಗಾಡಿಯ ಮೀಟರ್ ಕಣ್ಮುಂದೆ ತಂದ್ಕೊಳ್ಳಿ, ದಿನಾ ನೋಡೋದೇ ತಾನೆ. ಮುಳ್ಳು 18ರ ಮೇಲಿತ್ತು, ಐದು ಸೆಕೆಂಡ್ ಆದ ಮೇಲೆ 54ರ ಮೇಲಿದೆ, ಅಂದ್ರೆ 36 ಏರಿತು. ಸೆಕೆಂಡಿಗೆ ಎಷ್ಟು ಏರಿದ ಹಾಗಾಯ್ತು? 7.2. ಒಂದೊಂದೇ ಸೆಕೆಂಡ್ ಎಣಿಸಿ ಹೇಳಿ ನೋಡಿ: 18, 25.2, 32.4, 39.6, 46.8, 54. ಸರಿಯಾಗಿ ಬಂತಲ್ಲ? ಮುಳ್ಳು ಎಲ್ಲಿದೆ ಅನ್ನೋದು ವೇಗ. ಮುಳ್ಳು ಎಷ್ಟು ಬಿರುಸಾಗಿ ಸರೀತಿದೆ ಅನ್ನೋದು ವೇಗೋತ್ಕರ್ಷ. 80ರಲ್ಲಿ ಮುಳ್ಳು ಅಲ್ಲಾಡದೆ ನಿಂತಿದ್ರೆ ವೇಗ ಬೇಕಾದಷ್ಟಿದೆ, ವೇಗೋತ್ಕರ್ಷ ಸೊನ್ನೆ. ನೀವು ಮಗಳಿಗೆ ಹೇಳಿದ್ದು ಇಲ್ಲೇ ತಪ್ಪಿದ್ದು. (ಪುಸ್ತಕದ ಪ್ರಕಾರ ಮೀಟರ್ ತೋರಿಸೋದು ವೇಗ ಅಲ್ಲ, ಜವ. ದಿಕ್ಕು ಸೇರಿದ್ರೆ ಮಾತ್ರ ವೇಗ. ನೇರ ರಸ್ತೇಲಿ ಒಂದೇ ಕಡೆ ಹೋಗೋವರೆಗೂ ಈ ವ್ಯತ್ಯಾಸ ತೊಂದ್ರೆ ಕೊಡಲ್ಲ ಅಂತ ಸದ್ಯಕ್ಕೆ ಬಿಟ್ಟಿದೀನಿ.)

ಈಗ ಆ ಸ್ಕ್ವೇರ್ ವಿಷಯ. ಸೆಕೆಂಡಿಗೆ 7.2 ಕಿಮೀ ಪ್ರತಿ ಗಂಟೆ ಅಂತ ಹೇಳ್ದಾಗ ಅದರಲ್ಲಿ ಕಾಲ ಎರಡು ಸಲ ಬಂದಿರೋದು ಕಾಣ್ಸುತ್ತೆ, ಒಂದು ಗಂಟೆ, ಒಂದು ಸೆಕೆಂಡು. ಗಂಟೆ ಅನ್ನೋದು ವೇಗದ ಒಳಗಿರೋದು. ಸೆಕೆಂಡು ಅನ್ನೋದು ಆ ವೇಗ ಬದಲಾಗೋಕೆ ಹಿಡಿದದ್ದು. ಎರಡೂ ಬೇರೆ ಬೇರೆ ಹೆಸರಲ್ಲಿರೋದ್ರಿಂದ ಗಲಿಬಿಲಿ ಇಲ್ಲ. ವೇಗಾನೂ ಸೆಕೆಂಡಲ್ಲೇ ಅಳೆದ್ರೆ ಏನಾಗುತ್ತೆ, ಸೆಕೆಂಡಿಗೆ ಇಷ್ಟು ಮೀಟರ್-ಪ್ರತಿ-ಸೆಕೆಂಡ್ ಅಂತಾಗುತ್ತೆ, ಎರಡು ಸಲ ಭಾಗಿಸಿದ್ದು ಒಂದೇ ಸೆಕೆಂಡಿಂದ, ಅದಕ್ಕೆ ಚಿಕ್ಕದಾಗಿ ಸೆ² ಅಂತ ಬರೆದುಬಿಟ್ರು. ಅಗಲ ಗಿಗಲ ಏನಿಲ್ಲ, ಬರವಣಿಗೆ ಉಳಿತಾಯ ಅಷ್ಟೇ.

ಕೂಲಿ ಲೆಕ್ಕದಲ್ಲಿ ಹೇಳ್ತೀನಿ. ದಿನಕ್ಕೆ 500 ರೂಪಾಯಿ ಕೂಲಿ ಅಂದ್ರೆ ಅದು ವೇಗ ಇದ್ದ ಹಾಗೆ. ವರ್ಷಕ್ಕೆ 50 ರೂಪಾಯಿ ಏರಿಸ್ತಾರೆ ಅಂದ್ರೆ ಅದು ವೇಗೋತ್ಕರ್ಷ ಇದ್ದ ಹಾಗೆ, "ವರ್ಷಕ್ಕೆ, ದಿನಕ್ಕೆ 50". ಅಲ್ಲೂ ಕಾಲ ಎರಡು ಸಲ ಬಂತು ನೋಡಿ. 900 ಕೂಲಿ ತಗೊಳ್ಳೋನಿಗೆ ಐದು ವರ್ಷದಿಂದ ಒಂದು ಪೈಸೆ ಏರಿಲ್ದೇ ಇರಬಹುದು, 300 ತಗೊಳ್ಳೋನಿಗೆ ವರ್ಷಾ ವರ್ಷಾ ಏರ್ತಿರಬಹುದು. ಕೂಲಿ ಯಾರದು ಜಾಸ್ತಿ, ಏರಿಕೆ ಯಾರದು ಜಾಸ್ತಿ, ಎರಡು ಬೇರೆ ಬೇರೆ ಪ್ರಶ್ನೆ.

ಲೆಕ್ಕಕ್ಕೆ ಬರೋಣ. 1 ಕಿಮೀ ಅಂದ್ರೆ 1000 ಮೀಟರ್, 1 ಗಂಟೆ ಅಂದ್ರೆ 3600 ಸೆಕೆಂಡ್, 1000ನ 3600ರಿಂದ ಭಾಗಿಸಿದ್ರೆ 5/18. ಹಾಗಾಗಿ ಗಂಟೆಗೆ 18 ಕಿಮೀ ಅಂದ್ರೆ ಸೆಕೆಂಡಿಗೆ 5 ಮೀಟರ್, 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25. ಇದನ್ನ ಮಗ್ಗಿ ಹಾಗೆ ಕಲಿಸಿಬಿಡಿ, ಪರೀಕ್ಷೇಲಿ ಬಹಳಷ್ಟು ಸಲ ಈ ಸಂಖ್ಯೆಗಳೇ ಬರೋದು. ಈಗ 15ರಲ್ಲಿ 5 ಕಳೆದ್ರೆ 10, 10ನ್ನ 5ರಿಂದ ಭಾಗಿಸಿದ್ರೆ 2 ಮೀ/ಸೆ². ಮಗಳ 7.2ನ 5/18ರಿಂದ ಗುಣಿಸಿ, ಅಲ್ಲೂ 2 ಬರುತ್ತೆ. ಒಂದೇ ವಸ್ತು, ಸೇರಲ್ಲಿ ಅಳೆದದ್ದು, ಕೆಜೀಲಿ ಅಳೆದದ್ದು.

ನಿಮಗೊಂದು ಪ್ರಶ್ನೆ. ಲೋಡ್ ಹಾಕ್ಕೊಂಡು ಬರುವಾಗ ಟೊಮೆಟೊ ಯಾವಾಗ ನಜ್ಜಾಗುತ್ತೆ?

ಟೊಮೆಟೊ ಗಾಡಿ (ಕೋಲಾರ)

ಸಾರ್ ನಮಸ್ಕಾರ. ಮೂರು ಸಲ ಓದ್ದೆ. ಮುಳ್ಳಿನ ವಿಷ್ಯ ಥಟ್ಟಂತ ತಲೆಗೆ ಹೋಯ್ತು. ಕೂಲಿ ವಿಷ್ಯ ನಮ್ಮ ಲೋಡಿಂಗ್ ಹುಡುಗ್ರಿಗೂ ಓದಿ ಹೇಳ್ದೆ, ಅಣ್ಣ ನಮ್ ವೇಗೋತ್ಕರ್ಷ ಸೊನ್ನೆ ಐತೆ ಅಂತ ಈಗ ನನ್ನೇ ರೇಗಿಸ್ತಾವ್ರೆ.

ಟೊಮೆಟೊ ಯಾವಾಗ ನಜ್ಜಾಗ್ತೈತೆ ಅಂದ್ರಲ್ಲ, ಹೈವೇಲಿ 60ರಲ್ಲಿ ಒಂದೇ ಸಮ ಬರ್ತಿದ್ರೆ ಒಂದು ಹಣ್ಣೂ ಕದಲಲ್ಲ ಸಾರ್, 15 ಕೆಜಿ ಬಾಕ್ಸು ಒಂದರ ಮೇಲೊಂದು ಜೋಡ್ಸಿದ್ದು ಮನೇಲಿಟ್ಟಂಗೆ ಇರ್ತೈತೆ. ಮೊನ್ನೆ ವಡಗೂರು ಹತ್ರ ಹಸು ಅಡ್ಡ ಬಂತು, ಆಗ ಹೋಗ್ತಿದ್ದಿದ್ದು ಬರೀ 25ರಲ್ಲಿ, ಗಕ್ಕಂತ ಬ್ರೇಕ್ ಹೊಡ್ದೆ, ಮೇಲಿನ ಸಾಲು ಮುಂದಕ್ಕೆ ಬಂದು ಕ್ಯಾಬಿನ್ನಿಗೆ ಗುದ್ದಿ ಎರಡು ಬಾಕ್ಸು ಸಾಸ್ ಆಯ್ತು. ಮಂಡಿ ಓನರ್ ಬಾಡಿಗೇಲಿ ಹಿಡ್ಕೊಂಡ್ರು. ಅಂದ್ರೆ ಹಣ್ಣು ನಜ್ಜು ಮಾಡೋದು ವೇಗ ಅಲ್ಲ, ವೇಗೋತ್ಕರ್ಷ. ಸರೀನಾ ಸಾರ್?

ಎರಡನೇ ಸೆಮ್ (ತುಮಕೂರು)

ಅಣ್ಣಾ ಸೂಪರ್, ನಮ್ ಕಾಲೇಜಲ್ಲೂ ಯಾರೂ ಹಿಂಗೆ ಎಕ್ಸಾಂಪಲ್ ಕೊಡಲ್ಲ. ನಾನು ಇಲ್ಲಿ ಮೆಕ್ಯಾನಿಕಲ್ ಓದ್ತಿದೀನಿ. ಮೇಲ್ಗಡೆ ಸಿಂಪಲ್ ಸೀನ ಅವ್ರು ಹೇಳಿರೋದ್ರಲ್ಲಿ ಎರಡು ಕಡೆ ಮಕ್ಕಳು ಜಾರಿ ಬೀಳ್ತಾರೆ, ನಾನೂ ಸೆಕೆಂಡ್ ಪಿಯುಸಿವರೆಗೂ ಹಂಗೇ ಅನ್ಕೊಂಡಿದ್ದೆ, ಅದಕ್ಕೆ ಬರೀತಿದೀನಿ.

ಒಂದು, ಮೈನಸ್ ಅಂದ್ರೆ ಸ್ಲೋ ಅನ್ನೋದು. ಅಣ್ಣ ನೀವು ರಿವರ್ಸ್ ಗೇರ್ ಹಾಕಿ ನೋಡಿ. ಮುಂದಕ್ಕೆ ಪ್ಲಸ್ ಅಂತ ಇಟ್ಕೊಂಡ್ರೆ ಹಿಂದಕ್ಕೆ ಹೋಗೋದು ಮೈನಸ್ ವೇಗ. ಈಗ ರಿವರ್ಸಲ್ಲಿ ನಿಧಾನಕ್ಕೆ ಹೋಗ್ತಿದ್ದೋರು ಆಕ್ಸಿಲರೇಟರ್ ಒತ್ತಿ ಜೋರು ಮಾಡಿದ್ರಿ, ಸೆಕೆಂಡಿಗೆ 1 ಮೀಟರ್ ಇದ್ದದ್ದು 2 ಸೆಕೆಂಡಲ್ಲಿ 3 ಮೀಟರ್ ಆಯ್ತು. ಲೆಕ್ಕ ಹಾಕಿ: (−3) ಇಂದ (−1) ಕಳೆದ್ರೆ −2, ಭಾಗಿಸು 2, ಬಂತು −1 ಮೀ/ಸೆ². ಮೈನಸ್ ಬಂತು ಆದ್ರೆ ಗಾಡಿ ಸ್ಲೋ ಆಗಿಲ್ಲ, ಜೋರಾಗಿದೆ! ಮೈನಸ್ ಹೇಳೋದು ದಿಕ್ಕನ್ನ. ವೇಗಕ್ಕೂ ವೇಗೋತ್ಕರ್ಷಕ್ಕೂ ಒಂದೇ ಚಿಹ್ನೆ ಇದ್ರೆ ಜೋರಾಗ್ತಿದೆ, ಬೇರೆ ಬೇರೆ ಇದ್ರೆ ನಿಧಾನ ಆಗ್ತಿದೆ. 9ನೇ ಕ್ಲಾಸಲ್ಲಿ ಹೆಚ್ಚಾಗಿ ಮುಂದಕ್ಕೆ ಹೋಗೋ ಲೆಕ್ಕ ಇರೋದ್ರಿಂದ ಮೈನಸ್ ಅಂದ್ರೆ ಸ್ಲೋ ಅಂತ ನಡ್ಕೊಂಡ್ ಹೋಗುತ್ತೆ, ಪಿಯುಸಿಗೆ ಬಂದಾಗ ಕೈ ಕೊಡುತ್ತೆ.

ಎರಡು, ನಿಂತಿದ್ರೆ ವೇಗೋತ್ಕರ್ಷ ಸೊನ್ನೆ ಅನ್ನೋದು. ನಿಂತೇ ಇದ್ರೆ ಸರಿ. ಆದ್ರೆ ಒಂದು ಕ್ಷಣ ಮಾತ್ರ ನಿಂತಿದ್ರೆ? ಚೆಂಡು ನೆಟ್ಟಗೆ ಮೇಲಕ್ಕೆ ಎಸೀರಿ, ಸೆಕೆಂಡಿಗೆ 19.6 ಮೀಟರ್ ಅಂತ ಇಟ್ಕೊಳ್ಳಿ. ಒಂದು ಸೆಕೆಂಡ್ ಆದ್ಮೇಲೆ 9.8, ಎರಡಕ್ಕೆ 0, ಮೂರಕ್ಕೆ −9.8, ಅಂದ್ರೆ ಕೆಳಕ್ಕೆ ಬರ್ತಿದೆ. ಭೂಮಿ ಎಳೆಯೋದ್ರಿಂದ ಪ್ರತಿ ಸೆಕೆಂಡಿಗೂ 9.8 ಕಮ್ಮಿ ಆಗ್ತಾನೇ ಹೋಯ್ತು, ಮಧ್ಯೆ ಸೊನ್ನೆ ಬಂದಾಗ ರಜಾ ತಗೊಳ್ಲಿಲ್ಲ. ತುದೀಲಿ ವೇಗ ಸೊನ್ನೆ, ವೇಗೋತ್ಕರ್ಷ ಅದೇ 9.8, ಕೆಳಮುಖವಾಗಿ. ಅಲ್ಲಿ ಅದೂ ಸೊನ್ನೆ ಆಗಿದ್ರೆ ಚೆಂಡು ಆಕಾಶದಲ್ಲೇ ನೇತಾಡ್ಕೊಂಡು ಇರ್ಬೇಕಿತ್ತು.

ಅಂದಂಗೆ ಮಗಳು ಕೇಳಿದ್ಲಲ್ಲ ಆಕ್ಸಿಲರೇಟರ್ ಅಂದ್ರೆ ಅದೇನಾ ಅಂತ, ಅದಕ್ಕೆ ಉತ್ತರ ನಿಮ್ ಗಾಡೀಲಿ ಆಕ್ಸಿಲರೇಟರ್ ಮೂರಿವೆ ಅಂತ ಹೇಳಿ. ಪೆಡಲು ಒಂದು, ಬ್ರೇಕು ಒಂದು, ಸ್ಟೇರಿಂಗ್ ಒಂದು. ವೇಗ ಅಂದ್ರೆ ದಿಕ್ಕೂ ಸೇರಿದ್ದು ಅಂತ ಮೇಷ್ಟ್ರು ಬ್ರಾಕೆಟ್ಟಲ್ಲಿ ಹೇಳಿಬಿಟ್ರಲ್ಲ, ಅದು ಇಲ್ಲಿ ಬೇಕಾಗುತ್ತೆ. ದೇವರಾಯನದುರ್ಗದ ಘಾಟಲ್ಲಿ ಮುಳ್ಳು 30ರಲ್ಲೇ ಇಟ್ಕೊಂಡು ತಿರುವು ಹೊಡೀರಿ, ಮುಳ್ಳು ಅಲ್ಲಾಡಿಲ್ಲ, ಆದ್ರೂ ಹಿಂದೆ ಕೂತೋರು ಒಂದ್ ಕಡೆ ವಾಲ್ತಾರೆ. ದಿಕ್ಕು ಬದಲಾಯ್ತು ಅಂದ್ರೆ ವೇಗ ಬದಲಾಯ್ತು, ವೇಗ ಬದಲಾದ್ರೆ ವೇಗೋತ್ಕರ್ಷ ಇದ್ದೇ ಇದೆ.

ಸಿಂಪಲ್ ಸೀನ

ಚೆಂಡಿನ ವಿಷ್ಯ ಒಪ್ಕೊಂಡೆ ಬ್ರೋ. ಆದ್ರೆ ಒಂದೇ ಸ್ಪೀಡಲ್ಲಿ ತಿರುಗಿದ್ರೂ ಆಕ್ಸಿಲರೇಶನ್ ಇದೆ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ಮುಳ್ಳೇ ಅಲ್ಲಾಡಿಲ್ಲ ಅಂದ್ಮೇಲೆ ಎಲ್ಲಿಂದ ಬಂತು?

ಟೊಮೆಟೊ ಗಾಡಿ (ಕೋಲಾರ)

ಸೀನಣ್ಣ, ಅದು ಮಾತ್ರ ನನ್ನ ಕೇಳಿ. ನಂದಿ ಬೆಟ್ಟದ ತಿರುವಲ್ಲಿ ಲೋಡ್ ಹಾಕ್ಕೊಂಡು ಹತ್ತಿ ನೋಡಿ, ಹಗ್ಗ ಕಟ್ಟಿಲ್ಲ ಅಂದ್ರೆ ಬಾಕ್ಸು ಯಾವ್ ಕಡೆ ಹೋಗ್ತೈತೆ ಅಂತ ಬಾಕ್ಸೇ ಹೇಳ್ತೈತೆ. ಮುಳ್ಳು ಸುಳ್ಳು ಹೇಳಬೋದು, ಹಗ್ಗ ಹೇಳಲ್ಲ.

ಚಾಂಪಿಯನ್ ರೀಫ್ ಹುಡುಗ (ಕೆಜಿಎಫ್)

ಅಣ್ಣಾ ಮಾತು ಕೇಳಿ ನಮ್ಮಪ್ಪ ಹೇಳ್ತಿದ್ದದ್ದು ನೆನಪಾಯ್ತು. ಅವ್ರು ಚಿನ್ನದ ಗಣೀಲಿ ಕೆಲಸ ಮಾಡಿದೋರು, 2001ರಲ್ಲಿ ಗಣಿ ಮುಚ್ಚೋವರೆಗೂ ಇದ್ರು. ಚಾಂಪಿಯನ್ ರೀಫ್ 3 ಕಿಮೀಗಿಂತ ಆಳ, ಕೆಳಗೆ ಇಳಿಯೋದು ಕೇಜಲ್ಲಿ, ಕಬ್ಬಿಣದ ಪಂಜರ ಇದ್ದಂಗೆ, ಶಿಫ್ಟ್ ಟೈಮಲ್ಲಿ ಒಬ್ರಿಗೊಬ್ರು ಅಂಟ್ಕೊಂಡು ನಿಲ್ಲೋರಂತೆ. ಮೊದಲ್ನೇ ದಿನ ಅಪ್ಪಂಗೆ ಭಯ ಆಗಿದ್ದು ಕೇಜ್ ಹೊರಡುವಾಗ, ಹೊಟ್ಟೆ ಗಂಟ್ಲಿಗೆ ಬಂದಂಗಾಯ್ತಂತೆ. ಆಮೇಲೆ ನಡುವೆ ಭರ್ರಂತ ಇಳೀತಿದ್ರೂ ಏನೂ ಗೊತ್ತಾಗ್ತಿರ್ಲಿಲ್ವಂತೆ, ಕತ್ತಲೇಲಿ ನಿಂತಿದೀವೋ ಹೋಗ್ತಿದೀವೋ ತಿಳೀತಿರ್ಲಿಲ್ಲ ಗಾಳಿ ಮುಖಕ್ಕೆ ಹೊಡೆಯೋದು ಬಿಟ್ರೆ. ತಳ ಹತ್ರ ಬಂದಾಗ ಮೊಣಕಾಲು ಕುಸಿದಂಗೆ, ತಲೆ ಮೇಲೆ ಯಾರೋ ಮೂಟೆ ಇಟ್ಟಂಗೆ. ನಾನು 9ನೇ ಕ್ಲಾಸಲ್ಲಿದ್ದಾಗ ಇದನ್ನ ಹೇಳಿ, ಎಲ್ಲಕ್ಕಿಂತ ಜೋರಾಗಿ ಹೋಗ್ತಿದ್ದಾಗಲೇ ಏನೂ ಅನ್ಸಲ್ಲ ಕಣೋ ಅಂದಿದ್ರು. ಮೈಗೆ ವೇಗ ಗೊತ್ತಾಗಲ್ಲ, ವೇಗೋತ್ಕರ್ಷ ಮಾತ್ರ ಗೊತ್ತಾಗೋದು ಅಂತ ನಮ್ಮಪ್ಪ ಫಿಸಿಕ್ಸ್ ಓದದೇನೇ ಹೇಳ್ಬಿಟ್ಟಿದ್ರು. ಇನ್ನೊಂದು ನೋಡಿ, ಕೇಜ್ ಕೆಳಕ್ಕೇ ಹೋಗ್ತಿದ್ರೂ ನಿಲ್ಲೋ ಟೈಮಲ್ಲಿ ವೇಗೋತ್ಕರ್ಷ ಮೇಲ್ಮುಖ, ತುಮಕೂರು ತಮ್ಮ ಹೇಳಿದ ದಿಕ್ಕಿನ ಮಾತು ಅದೇ.

ಮಗಳಿಗೆ ಒಂದು ಆಟ ಹೇಳ್ಕೊಡಿ. ನಮ್ ಜಿಲ್ಲೇಲಿ ಬತ್ತಿದ ಬಾವಿಗೇನ್ ಬರ ಇಲ್ಲ, ನೀರಿಗೇ ಬರ. ದೊಡ್ಡೋರು ಜೊತೇಲಿದ್ದು, ಕಟ್ಟೆ ಗಟ್ಟಿಯಾಗಿರೋ ಬಾವಿ ನೋಡಿ, ಕಲ್ಲು ಸುಮ್ನೆ ಕೈ ಬಿಡೋದು, ಎಸೀಬಾರ್ದು. ಫೋನಲ್ಲಿ ಸ್ಟಾಪ್‌ವಾಚ್ ಹಿಡ್ಕೊಳ್ಳಿ. ಸರಿಯಾಗಿ 2 ಸೆಕೆಂಡಿಗೆ ಠಣ್ ಅಂದ್ರೆ ಬಾವಿ ಆಳ ಹತ್ರ ಹತ್ರ 19.6 ಮೀಟರ್, ಅರ್ಧ × ವೇಗೋತ್ಕರ್ಷ × ಟೈಮು × ಟೈಮು, ಅಂದ್ರೆ ಅರ್ಧ × 9.8 × 2 × 2. ಸುಮಾರು 64 ಅಡಿ. ಇದ್ರಲ್ಲಿ ಮಜಾ ಏನಂದ್ರೆ ಮೊದಲ್ನೇ ಸೆಕೆಂಡಲ್ಲಿ ಕಲ್ಲು ಬೀಳೋದು 4.9 ಮೀಟರ್ ಅಷ್ಟೇ, ಎರಡನೇ ಸೆಕೆಂಡಲ್ಲಿ 14.7, ಮೂರು ಪಟ್ಟು. ಮೂರನೇದು ಇದ್ದಿದ್ರೆ ಐದು ಪಟ್ಟು. 1, 3, 5, 7 ಹಿಂಗೇ ಬೆಸ ಸಂಖ್ಯೇಲಿ ಹೋಗುತ್ತೆ. ಗೆಲಿಲಿಯೋ ಇದನ್ನ ಹಿಡಿದದ್ದು ಇಳಿಜಾರಲ್ಲಿ ಗುಂಡು ಉರುಳಿಸಿ, ಅವನ ಹತ್ರ ಸ್ಟಾಪ್‌ವಾಚ್ ಇರ್ಲಿಲ್ಲ, ಪಾತ್ರೆಯಿಂದ ಸಣ್ಣಗೆ ನೀರು ಬಿಟ್ಟು ಆ ನೀರನ್ನ ತೂಕ ಹಾಕಿ ಟೈಮು ಲೆಕ್ಕ ಮಾಡ್ತಿದ್ದ. ಈಗ ಮಗು ಕೈಲಿ ಫೋನಿದೆ.

ತಳ ಮುಟ್ಟೋವಾಗ ಕಲ್ಲಿನ ವೇಗ 9.8 × 2, ಸೆಕೆಂಡಿಗೆ 19.6 ಮೀಟರ್, ಗಂಟೆಗೆ ಸುಮಾರು 70 ಕಿಮೀ. ನಿಮ್ ಗಾಡಿ ಹೈವೇಲಿ ಹೋದಂಗೆ, ಅದೂ ಎರಡೇ ಸೆಕೆಂಡಲ್ಲಿ.

ಟ್ಯೂಷನ್ ಅಕ್ಕ (ಗೌರಿಬಿದನೂರು)

ಎಲ್ಲ ಚೆನ್ನಾಗಿದೆ ಆದ್ರೆ ಮೇಷ್ಟ್ರೇ ಒಂದು ಜಗಳ ಇದೆ ನಿಮ್ ಹತ್ರ. 7.2 ತಪ್ಪಲ್ಲ ಅಂತ ಹೇಳಿದ್ರಿ, ನಾಳೆ ಆ ಹುಡುಗಿ ಸ್ಕೂಲಲ್ಲಿ ಹೋಗಿ ತಪ್ಪಲ್ಲ ಅಂತ ವಾದ ಮಾಡಿದ್ರೆ? ಪರೀಕ್ಷೇಲಿ ಮೀ/ಸೆ² ಬೇಕು ಅಂದ್ರೆ ಬೇಕು. ನನ್ ಹತ್ರ ಇಪ್ಪತ್ತು ಮಕ್ಕಳು ಬರ್ತಾರೆ, ಹನ್ನೆರಡು ಜನ ಸೂತ್ರ ಸರಿಯಾಗಿ ಬರೆದು ಏಕಮಾನದಲ್ಲಿ ಬೀಳೋದು. ನಾನು ಹೇಳೋದಿಷ್ಟು, ಲೆಕ್ಕ ಓದಿದ ತಕ್ಷಣ ಕೊಟ್ಟಿರೋದನ್ನ ಬರ್ಕೊಬೇಕು, ಕಿಮೀ ಪ್ರತಿ ಗಂಟೆ ಕಂಡ್ರೆ ಅಲ್ಲೇ ಪಕ್ಕದಲ್ಲೇ ಮೀಟರಿಗೆ ತಿರುಗಿಸ್ಕೊಬೇಕು, ಸೂತ್ರಕ್ಕೆ ಕೈ ಹಾಕೋ ಮುಂಚೆ.

ನಿಮಿಷದ ಲೆಕ್ಕದಲ್ಲಿ ಇನ್ನೂ ಕಷ್ಟ. ಬಂಗಾರಪೇಟೆಯಿಂದ ಹೊರಟ ರೈಲು 5 ನಿಮಿಷದಲ್ಲಿ ಗಂಟೆಗೆ 54 ಕಿಮೀ ವೇಗ ಪಡೀತು ಅಂತ ಕೊಟ್ರೆ 54ನ 15 ಮಾಡ್ಕೊಳ್ತಾರೆ, 5 ನಿಮಿಷನ 5 ಅಂತಾನೇ ಬಿಡ್ತಾರೆ, ಉತ್ತರ 3 ಅಂತ ಬರೀತಾರೆ. 5 ನಿಮಿಷ ಅಂದ್ರೆ 300 ಸೆಕೆಂಡ್, 15 ÷ 300, ಉತ್ತರ 0.05. ಇಷ್ಟು ಚಿಕ್ಕದು ಬಂತಲ್ಲ ತಪ್ಪಿರಬೇಕು ಅಂತ ಅಳಿಸಿಬಿಡ್ತಾರೆ ಬೇರೆ! ರೈಲು ಹೊರಡೋದು ಎಂದಾದ್ರೂ ಗೊತ್ತಾಗುತ್ತಾ, ಪಕ್ಕದ ರೈಲು ಹಿಂದಕ್ಕೆ ಹೋಗ್ತಿದೆ ಅನ್ಸುತ್ತೆ, ಅಷ್ಟು ಮೆತ್ತಗೆ. ನಿಜವಾಗ್ಲೂ 3 ಮೀ/ಸೆ² ಇದ್ದಿದ್ರೆ ಕಾಫಿ ಹಿಡ್ಕೊಂಡು ನಿಂತೋರೆಲ್ಲ ಒಬ್ಬರ ಮೇಲೊಬ್ರು ಬಿದ್ದಿರೋರು.

ಹಾಗೇ ಆ 7.2 ಮೀ/ಸೆ² ಅನ್ನೋದೂ ನೋಡಿದ ಕೂಡ್ಲೇ ಅನುಮಾನ ಬರ್ಬೇಕು. ಕೈಬಿಟ್ಟ ಕಲ್ಲಿಗೇ 9.8, ಬಸ್ಸಿಗೆ 7.2 ಇದ್ರೆ ನಿಂತ ಬಸ್ಸು ನಾಲ್ಕೇ ಸೆಕೆಂಡಲ್ಲಿ 100 ದಾಟುತ್ತೆ. ನಮ್ ರೂಟ್ ಬಸ್ಸು ಗೊತ್ತಲ್ಲ.

ನಿವೃತ್ತ ಮೇಷ್ಟ್ರು (ಚಿಂತಾಮಣಿ)

ಒಪ್ಕೊಂಡೆ ತಾಯಿ. ಅರ್ಥ ಆಗೋಕೆ 7.2, ಬರೆಯೋಕೆ 2. ವಾದ ಮಾಡೋಕೆ ಹೋದ್ರೆ ನನ್ನ ಹೆಸರು ಹೇಳಬೇಡ ಅನ್ನಿ.

ಟೊಮೆಟೊ ಗಾಡಿಯವರಿಗೆ ಇನ್ನೊಂದು ಮಾತು, ಇದು ಮಗಳಿಗಿಂತ ನಿಮಗೇ ಬೇಕಾದ್ದು. ಅದೇ ಪಾಠದಲ್ಲಿ ಮೂರನೇ ಸಮೀಕರಣ ಬರುತ್ತೆ, ಅಂತಿಮ ವೇಗದ ವರ್ಗ = ಆರಂಭಿಕ ವೇಗದ ವರ್ಗ + 2 × ವೇಗೋತ್ಕರ್ಷ × ದೂರ. ಬ್ರೇಕು −5 ಮೀ/ಸೆ² ಹಿಡಿಯುತ್ತೆ ಅಂತಿಟ್ಕೊಳ್ಳಿ. 36ರಲ್ಲಿ, ಅಂದ್ರೆ ಸೆಕೆಂಡಿಗೆ 10 ಮೀಟರ್ ಹೋಗ್ತಿದ್ರೆ, 10ರ ವರ್ಗ 100, ಅದನ್ನ 2 × 5 ಅಂದ್ರೆ 10ರಿಂದ ಭಾಗಿಸಿ, 10 ಮೀಟರಲ್ಲಿ ಗಾಡಿ ನಿಲ್ಲುತ್ತೆ. 72ರಲ್ಲಿ ಹೋಗ್ತಿದ್ರೆ 20 ಮೀಟರ್ ಸಾಕು ಅಂತ ಮನಸ್ಸು ಹೇಳುತ್ತೆ. ಲೆಕ್ಕ ಹೇಳೋದು 400 ÷ 10, ನಲವತ್ತು ಮೀಟರ್. ವೇಗ ಎರಡರಷ್ಟಾದ್ರೆ ನಿಲ್ಲೋ ದೂರ ನಾಲ್ಕರಷ್ಟು, ಹಸು ಕಂಡು ಕಾಲು ಬ್ರೇಕಿಗೆ ಹೋಗೋವರೆಗೆ ಓಡಿದ ದೂರ ಇದರಲ್ಲಿ ಸೇರಿಲ್ಲ.

ಟೊಮೆಟೊ ಗಾಡಿ (ಕೋಲಾರ)

ಸಾರ್ ಆ ನಲವತ್ತು ಮೀಟರ್ ಓದಿ ನಿನ್ನೆ ರಾತ್ರಿ ಲೋಡ್ ತರುವಾಗ 50 ದಾಟ್ಲಿಲ್ಲ. ಮಾರ್ಕೆಟಿಗೆ ಅರ್ಧ ಗಂಟೆ ಲೇಟು.

ಎಲ್ರಿಗೂ ಥ್ಯಾಂಕ್ಸ್. ಭಾನುವಾರ ಬೆಳಗ್ಗೆ ಮಗಳನ್ನ ಗಾಡೀಲಿ ಕೂರಿಸ್ಕೊಂಡು ನಮ್ಮೂರ ಹೊರಗಿನ ಖಾಲಿ ರೋಡಿಗೆ ಹೋದೆ. ಅವಳು ಫೋನಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ಮುಳ್ಳು ನೋಡೋದು, ನಾನು ಓಡಿಸೋದು. ಖಾಲಿ ಗಾಡಿ ಸೊನ್ನೆಯಿಂದ 40ಕ್ಕೆ ಬರೋಕೆ 10 ಸೆಕೆಂಡ್ ತಗೊಂಡ್ತು. ಆಮೇಲೆ ತೋಟಕ್ಕೋಗಿ ಬಾಕ್ಸು ತುಂಬ್ಕೊಂಡು ಅದೇ ರೋಡಲ್ಲಿ ಮತ್ತೆ ಮಾಡ್ದಾಗ 16 ಸೆಕೆಂಡ್. ನಿಧಾನಕ್ಕೆ ಬ್ರೇಕ್ ಹಿಡಿದು 40ರಿಂದ ನಿಲ್ಸಿದ್ದು 4 ಸೆಕೆಂಡಲ್ಲಿ, ಹಣ್ಣು ಒಂದೂ ನಜ್ಜಾಗಿಲ್ಲ. ಅವಳೇ ನೋಟ್ ಬುಕ್ಕಲ್ಲಿ ಲೆಕ್ಕ ಹಾಕಿದ್ಲು, ನಾನು ಬರೀ ನೋಡ್ತಿದ್ದೆ. 40ನ 5/18ರಿಂದ ಗುಣಿಸಿ 11.1. ಖಾಲಿ ಗಾಡಿದು 1.11, ಲೋಡ್ ಇದ್ದಾಗ 0.69, ಬ್ರೇಕಿಂದು −2.78.

ಬಸ್ಸಿನ ಲೆಕ್ಕದಲ್ಲಿ 2 ಅಂತ ಕೊಟ್ಟವ್ರಲ್ಲ, ನಮ್ ಗಾಡಿ ಖಾಲಿ ಇದ್ರೂ ಅದರ ಅರ್ಧ ಚಿಲ್ರೆ ಐತೆ ಅಷ್ಟೇ, ಆ ಬಸ್ಸು ಯಾವ್ ಡಿಪೋದು ಅಪ್ಪ ಅಂತ ಕೇಳ್ತಾವ್ಳೆ. ಲೋಡ್ ಹಾಕಿದ್ರೆ ಯಾಕೆ ಕಮ್ಮಿ ಆಗ್ತೈತೆ ಅಂತ ನಾನೇ ಕೇಳ್ದೆ, ಅದು ಮುಂದಿನ ಪಾಠದಲ್ಲಿ ಬಲ ಅಂತ ಬರ್ತೈತಂತೆ, ಆಮೇಲೆ ಹೇಳ್ಕೊಡ್ತೀನಿ ಅಂದ್ಲು. ಮಾತಾಡ್ತವ್ಳೆ ಈಗ.

ನಿವೃತ್ತ ಮೇಷ್ಟ್ರು (ಚಿಂತಾಮಣಿ)

ಲೆಕ್ಕ ಮೂರೂ ಸರಿ. 1.11 ಏನು? 0.69 ಏನು? ಏಕಮಾನ ಎಲ್ಲಿ?

ಟೊಮೆಟೊ ಗಾಡಿ (ಕೋಲಾರ)

ಅಯ್ಯೋ. ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಸಾರ್. ಅವಳ ಬುಕ್ಕಲ್ಲಿ ಐತೆ, ಬಿಟ್ಟಿದ್ದು ನಾನು. ಪಕ್ಕದಲ್ಲಿ ಕೂತು ನಗ್ತಾವ್ಳೆ.